ಅಗಸಿಯ ಹಣಮಪ್ಪನಿಗೆ ಮುರಿಗೆಪ್ಪ ಕೇಳಿದ್ದು

ನಾನು ಮುರಿಗೆಪ್ಪನನ್ನು ಮೊದಲು ಕಂಡದ್ದು ೧೯೩೭ರ ಜೂನ್ ತಿಂಗಳ ಎರಡನೆಯ ಸೋಮವಾರ, ಮುಂಜಾನೆ ಹತ್ತರ ಸುಮಾರಿಗೆ. ಹುಕ್ಕೇರಿಯ ಸಾಲೆಗೆ ಮಾಸ್ತರನಾಗಿ ಹಾಜರಾಗಲು ಬಂದಿದ್ದೆ. ಸರ್ವೀಸ್ ಮೋಟಾರು ನನ್ನನ್ನು ಊರ ಹೊರಗೆ ಇಳಿಸಿ ಹೋಗಿತ್ತು. ತಲೆಯ ಮೇಲೆ ತಗಡಿನ ಟ್ರಂಕು, ಕಂಕುಳಲ್ಲಿ ಹಾಸಿಗೆಯ ಸುರುಳಿ. ಸಾಲೆಗೆ ಹತ್ತಿರದ ದಾರಿ ಎಂದು ಯಾರೋ ತೋರಿಸಿದ ಬಯಲನ್ನು ದಾಟುತ್ತಿದ್ದೆ. ಹಿಂದಿನ ದಿನ ಮಳೆ ಬಿದ್ದು ನೆಲ ಮೆತ್ತಗಿತ್ತು. ಬಯಲಿನ ನಡುವೆ ಒಬ್ಬ ಮನುಷ್ಯ ಧೋತರವನ್ನು ಮೇಲೆ ಕಟ್ಟಿ, ಮೊಣಕಾಲೂರಿ, ಅರಿವೆ ಅಳೆಯುವ ಕಬ್ಬಿಣದ ಗಜದಿಂದ ಭೂಮಿಯನ್ನು ಅಳೆಯುತ್ತಿದ್ದ.

"ಅಲ್ಲೇ ನಿಂದರ್ರಿ!" ಎಂದು ಕೂಗಿದ. "ಹೆಜ್ಜಿ ಇಡಬ್ಯಾಡ್ರಿ. ಹದಿನೇಳನೇ ಗಜ ಐತಿ."

ನಿಂತೆ. ಅವನಿಗೆ ಮೂವತ್ತರ ಆಸುಪಾಸು. ಹಣೆಯ ವಿಭೂತಿಯ ಮೇಲೆ ಬೆವರು ಇಳಿದು ಹುಬ್ಬಿನತನಕ ಬಿಳಿ ಗೆರೆಗಳಾಗಿದ್ದವು. ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಚೆಂಡು ಬಡಿದು ಮುರಿದದ್ದು ಎಂದು ಆಮೇಲೆ ತಿಳಿಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಬಿ.ಎ. ಪಾಸಾದ ಹೊಸಾ ಮಾಸ್ತರ ಅಲ್ರಿ? ಟ್ರಂಕ್ ಇಳಸ್ರಿ. ನಾ ಗಜಾ ಇಡತೇನಿ, ನೀವು ಎಣಸ್ರಿ. ಒಬ್ಬನ ಆದ್ರ ಲೆಕ್ಕ ತಪ್ಪತೈತಿ," ಎಂದ.

ಹುಕ್ಕೇರಿಯಲ್ಲಿ ನಾನು ಮಾಡಿದ ಮೊದಲ ಕೆಲಸ ಹದಿನೇಳರಿಂದ ಇಪ್ಪತ್ತೆರಡರತನಕ ಎಣಿಸಿದ್ದು. ಕ್ರಿಕೆಟ್ ಆಟದಲ್ಲಿ ಒಂದು ವಿಕೆಟ್ಟಿನಿಂದ ಇನ್ನೊಂದಕ್ಕೆ ಇಪ್ಪತ್ತೆರಡು ಗಜ. ಎರಡೂ ಕಡೆ ಗೂಟ ಬಡಿದು, ಕೈ ಒರೆಸಿಕೊಂಡು, ಅವನು ನನ್ನ ಟ್ರಂಕನ್ನು ತನ್ನ ತಲೆಯ ಮೇಲಿಟ್ಟುಕೊಂಡ. ನಾನು ಬೇಡವೆಂದರೂ ಬಿಡಲಿಲ್ಲ. ಪೇಟೆಯಲ್ಲಿ ಕುಳಿತವರು ನಕ್ಕರು. ಊರಿನ ದೊಡ್ಡ ಅರಿವೆ ಅಂಗಡಿಯ ಸಾವಕಾರ ಅವನೇ ಎಂದು ನನಗೆ ಆಗ ಗೊತ್ತಿರಲಿಲ್ಲ. ಸಾಲೆಯ ಬಾಗಿಲಲ್ಲಿ ಟ್ರಂಕು ಇಳಿಸಿ ಅವನು ಕೇಳಿದ್ದು ಒಂದೇ ಮಾತು: "ಇಂಗ್ಲಿಷಿನ್ಯಾಗ ಪತ್ರ ಬರೀತೀರಿ ಅಲ್ರಿ?"

ಬರೆಯುತ್ತೇನೆ ಎಂದೆ.

ಮುರಿಗೆಪ್ಪ ಬೆಳಗಾವಿಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್‌ತನಕ ಓದಿ ಎರಡು ಸಲ ನಪಾಸಾಗಿ ಮರಳಿದವನು. ಅಲ್ಲಿಂದ ತಂದದ್ದು ಒಂದು ಬ್ಯಾಟು ಮತ್ತು ಆಟದ ಹುಚ್ಚು. ಅಣ್ಣನ ಕೂಡ ಅಂಗಡಿ ನೋಡಿಕೊಳ್ಳುತ್ತ, ಪೇಟೆಯವರನ್ನೂ ಕಚೇರಿಯ ಕಾರಕೂನರನ್ನೂ ಕೂಡಿಸಿ ಒಂದು ಕ್ರಿಕೆಟ್ ಮಂಡಳಿ ಕಟ್ಟಿದ್ದ. ಚೆಂಡು ಚರ್ಮದ್ದೆಂದು ಅವನ ತಾಯಿ ಹಿತ್ತಲಲ್ಲಿ ಒಂದು ಕೊಡ ನೀರು ಇಡುತ್ತಿದ್ದಳು. ಆಟ ಮುಗಿಸಿ ಬಂದವನು ಅಲ್ಲಿ ಮೈ ತೊಳೆದೇ ಒಳಗೆ ಬರಬೇಕು. ಅವನು ಒಂದು ದಿನವೂ ಬೇಸರಿಸಲಿಲ್ಲ.

ಪ್ರತಿವರ್ಷ ಜನವರಿಯಲ್ಲಿ ಗೋಕಾಕದಲ್ಲಿ ಸುತ್ತಲ ಊರುಗಳ ಪಂದ್ಯ ನಡೆಯುತ್ತಿತ್ತು. ಗೆದ್ದವರಿಗೆ ಒಂದು ಶೀಲ್ಡು. ಅದು ಯಾವಾಗಲೂ ಗೋಕಾಕದಲ್ಲೇ ಉಳಿಯುತ್ತಿತ್ತು. ಹುಕ್ಕೇರಿಯವರು ಮೊದಲ ಸುತ್ತಿನಲ್ಲೇ ಸೋತು, ಗೋಕಾಕದ ಸಿಹಿ ಕರದಂಟು ಕಟ್ಟಿಸಿಕೊಂಡು ಮರಳುತ್ತಿದ್ದರು. "ಕರದಂಟಿನ ಮಂಡಳಿ" ಎಂದು ಊರ ಹುಡುಗರು ಹಾಸ್ಯ ಮಾಡುತ್ತಿದ್ದರು.

ಅದೇ ವರ್ಷ ನವೆಂಬರದಲ್ಲಿ ಮುರಿಗೆಪ್ಪನ ಜೊತೆ ಬೆಲ್ಲದ ಬಾಗೇವಾಡಿಗೆ ಒಂದು ಮದುವೆಗೆ ಹೋಗಿದ್ದೆ. ಮರಳುವಾಗ ಜೋಳದ ಹೊಲದ ಪಕ್ಕದಲ್ಲಿ ಅವನು ಸೈಕಲ್ಲಿನಿಂದ ಇಳಿದುಬಿಟ್ಟ. ಹೊಲದ ನಡುವೆ ಕಟ್ಟಿಗೆಯ ಅಟ್ಟ. ಮೇಲೆ ಹದಿನೇಳು ವರ್ಷದ ಒಬ್ಬ ಹುಡುಗ ಕವಣೆ ಬೀಸುತ್ತಿದ್ದ. ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಗುಂಡುಗಳು ಅವನ ಕಾಲ ಬಳಿ. ದೂರದಲ್ಲಿ ಗಿಳಿಗಳ ಹಿಂಡು ಇಳಿದರೆ ಸಾಕು, ಹುಡುಗ ಹಿಂಡಿನ ಮೇಲೆ ಎಸೆಯದೆ ಹಿಂಡು ಕುಳಿತ ದಂಟಿನ ಬುಡಕ್ಕೆ ಎಸೆಯುತ್ತಿದ್ದ. ತೆನೆಗೆ ಪೆಟ್ಟಾಗದೆ ಹಕ್ಕಿ ಏಳುತ್ತಿತ್ತು. ಹೊಲದ ಇನ್ನೊಂದು ತುದಿಯಲ್ಲಿ ಮತ್ತೊಬ್ಬ. ಇವನು ಕವಣೆಯಿಲ್ಲದೆ ಬರಿಗೈಯಲ್ಲಿ ಎಸೆಯುತ್ತಿದ್ದ.

ಮುರಿಗೆಪ್ಪ ಬದುವಿನ ಮೇಲೆ ಕುಳಿತ. ಒಂದು ತಾಸಾದರೂ ಏಳಲಿಲ್ಲ.

ಅಟ್ಟದ ಮೇಲಿನವನು ಗುಡ್ಡಪ್ಪ. ಇನ್ನೊಬ್ಬ ಶಿದ್ರಾಮ, ಗುಡ್ಡಪ್ಪನ ತಾಯಿ ಕಾಡವ್ವನ ಅಕ್ಕನ ಮಗ. ತಾಯಿತಂದೆ ಪ್ಲೇಗಿನಲ್ಲಿ ಹೋದ ಮೇಲೆ ಅವನನ್ನೂ ಕಾಡವ್ವನೇ ಸಾಕಿದ್ದಳು. ಊರ ಹೊರಗಿನ ಕೇರಿಯವರು, ಬೇರೆಯವರ ಹೊಲದಲ್ಲಿ ದುಡಿಯುವವರು. ಕಾಡವ್ವ ಕುಡುಗೋಲು ಹಿಡಿದು ಬಂದು ದೂರದಲ್ಲಿ ನಿಂತಳು.

"ಏನ್ ತಪ್ಪ ಮಾಡ್ಯಾರ್ರಿ ಸಾವ್ಕಾರ್ರ, ನನ್ನ ಹುಡುಗ್ರು?"

"ತಪ್ಪೇನಿಲ್ಲ ಕಾಡವ್ವಾ. ಇಬ್ಬರನ್ನೂ ನನಗ ಕೊಡು. ಅಂಗಡ್ಯಾಗ ಗಂಟು ಹೊರೂ ಕೆಲಸ ಕೊಡತೇನಿ. ಸಂಜೀಕ ಚೆಂಡ ಒಗೀಲಿ."

"ಚೆಂಡ ಒಗೀಲಿಕ್ಕೆ ಕೂಲಿ ಕೊಡತೀರಿ?" ಕಾಡವ್ವ ನಕ್ಕಳು. "ನಿಮ್ಮ ಪ್ಯಾಟ್ಯಾಗ ಹಕ್ಕಿ ಭಾಳ ಅದಾವೇನ್ರಿ?"

"ಗೋಕಾಕದಾಗ ಅದಾವ," ಎಂದ ಮುರಿಗೆಪ್ಪ.

ಅವಳ ನಗೆ ನಿಂತಿತು. ಸ್ವಲ್ಪ ಹೊತ್ತು ಹುಡುಗರ ಕಡೆ ನೋಡಿದಳು. "ಎಂಟ ದಿನಕ್ಕೊಮ್ಮೆ ಮನಿಗೆ ಬರಬೇಕು. ನಿಮ್ಮ ಕೈಯಾಗ ಕೊಡತೇನಿ ಯಪ್ಪಾ, ನೀವು ಮತ್ತೊಬ್ಬರ ಕೈಯಾಗ ಕೊಡಬಾರ್ದು."

"ಕೊಡಂಗಿಲ್ಲ," ಎಂದ ಮುರಿಗೆಪ್ಪ. ನಾನು ಪಕ್ಕದಲ್ಲೇ ಇದ್ದೆ.

ಹುಡುಗರಿಗೆ ಕಲಿಸುವುದು ಸುಲಭವಾಗಿರಲಿಲ್ಲ. ಮೊಣಕೈ ಮಡಚಿ ಎಸೆದರೆ ಆಟದ ಕಾಯಿದೆ ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ಕೈ ಮಡಚಿ ಎಸೆದವರು ಅವರು. ಮುರಿಗೆಪ್ಪ ಬಿದಿರಿನ ಸೀಳುಗಳನ್ನು ಅವರ ಮೊಣಕೈಗೆ ಅರಿವೆಯ ಅಂಚಿನಿಂದ ಬಿಗಿದು ಕಟ್ಟಿದ. ಎರಡು ತಿಂಗಳು ಹಾಗೆಯೇ ಎಸೆದರು. ರಾತ್ರಿ ಉಣ್ಣುವಾಗ ಮಾತ್ರ ಬಿಚ್ಚುತ್ತಿದ್ದರು. ಶಿದ್ರಾಮ ನೋವಿಗೆ ಅತ್ತದ್ದೂ ಉಂಟು. ಗುಡ್ಡಪ್ಪ ಅಳಲಿಲ್ಲ. "ಸಾವ್ಕಾರ್ರ, ಈ ಕೈ ಇನ್ನ ನಂದಲ್ಲ, ನಿಮ್ಮ ಬಿದಿರಿಂದು," ಎನ್ನುತ್ತಿದ್ದ. ಬಿದಿರು ಬಿಚ್ಚಿದ ದಿನ ಗುಡ್ಡಪ್ಪನ ಚೆಂಡು ನೆಲಕ್ಕೆ ಬಿದ್ದು ಒಳಕ್ಕೆ ತಿರುಗಿ ನಡುವಿನ ಗೂಟವನ್ನು ಎತ್ತಿ ಹಾಕಿತು. ಮುರಿಗೆಪ್ಪ ಆ ಗೂಟವನ್ನು ಎತ್ತಿಕೊಂಡು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದ.

ಆಟದಲ್ಲಿ ಅವರು ಮಂಡಳಿಯವರೇ. ಆಟ ನಿಂತಾಗ ಬೇವಿನ ಮರದ ಕೆಳಗೆ ಚಹಾಕ್ಕೆ ಅವರಿಗೆ ಬೇರೆ ಬಶಿ, ನೀರಿಗೆ ಬೇರೆ ತಂಬಿಗೆ. ಯಾರೂ ಅದನ್ನು ಮಾತಾಗಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

೧೯೩೮ ಮತ್ತು ೩೯ರಲ್ಲಿ ಮಂಡಳಿ ಫೈನಲ್‌ತನಕ ಹೋಯಿತು. ಎರಡೂ ಸಲ ಹುಡುಗರು ಗೋಕಾಕದವರನ್ನು ಸಣ್ಣ ಮೊತ್ತಕ್ಕೆ ಕೆಡವಿದರು. ಎರಡೂ ಸಲ ನಮ್ಮವರು ಅದಕ್ಕಿಂತ ಸಣ್ಣ ಮೊತ್ತಕ್ಕೆ ಬಿದ್ದರು. ೩೯ರ ಅಕ್ಟೋಬರದಲ್ಲಿ ಒಂದು ಸಂಸ್ಥಾನದ ಅರಮನೆಯಿಂದ ಮುರಿಗೆಪ್ಪನಿಗೆ ಪತ್ರ ಬಂತು. ಅಲ್ಲಿಯ ಹೆಸರಾಂತ ಬ್ಯಾಟುಗಾರ ಅಣ್ಣಾಸಾಹೇಬನಿಗೆ ಹುಕ್ಕೇರಿಯಲ್ಲಿ ಹೆಂಡತಿಯ ಕಡೆಯ ಜಮೀನು ಇತ್ತು. ಅವನು ಇಲ್ಲಿಗೆ ಬಂದಿರಲು ಬಯಸಿದ್ದ. ಹುಕ್ಕೇರಿಯ ಇಬ್ಬರು ಬೌಲರ್ ಹುಡುಗರನ್ನು ಅರಮನೆಯ ಚಾಕರಿಗೆ ಕಳಿಸಿದರೆ ಅವನನ್ನು ಬಿಟ್ಟುಕೊಡುತ್ತೇವೆ, ಹುಡುಗರಿಗೆ ಊಟ, ಅರಿವೆ, ಇರಲು ಜಾಗ ಎಂದು ಬರೆದಿದ್ದರು. ಇಂಗ್ಲಿಷಿನಲ್ಲಿತ್ತು. ನಾನೇ ಓದಿ ಹೇಳಿದೆ.

ಮರುದಿನ ಅಂಗಡಿಯ ಕಟ್ಟೆಯ ಮೇಲೆ ಮಂಡಳಿ ಕೂಡಿತು. ಗುಡ್ಡಪ್ಪ ಮತ್ತು ಶಿದ್ರಾಮ ಒಳಗೆ ಗಂಟು ಬಿಚ್ಚುತ್ತಿದ್ದರು. ಎಲ್ಲವೂ ಅವರಿಗೆ ಕೇಳುತ್ತಿತ್ತು.

ಮೊದಲು ಬಾಯಿಬಿಟ್ಟವನು ಪರಪ್ಪ. ಚಹಾದ ಅಂಗಡಿಯವನು, ವಿಕೆಟ್ಟಿನ ಹಿಂದೆ ನಿಂತು ಚೆಂಡು ಹಿಡಿಯುವವನು. ಎರಡೂ ಅಂಗೈ ಮುಂದೆ ಚಾಚಿದ. "ಗುಡ್ಡ್ಯಾನ ಚೆಂಡ ಹಿಡದ ಹಿಡದ ನೋಡ್ರಿ ಇದನ್ನ. ನಮ್ಮಾಕಿ ಅಂತಾಳ, ರೊಟ್ಟಿ ಬಡಿಯೂದು ನಾನು, ಕೈ ಕೆಂಪಾಗೂದು ನಿಮ್ದು ಅಂತ. ಇಂಥಾವನ್ನ ಕೊಟ್ಟ ಆ ಬೋಳತಲಿ ಅಣ್ಣಾಸಾಹೇಬನ್ನ ತರ್ತೀರೇನ್ರಿ?"

ಕಚೇರಿಯ ಕಾರಕೂನ ಮಾಲಿಂಗಪ್ಪ ಕನ್ನಡಕ ಸರಿಮಾಡಿಕೊಂಡ. "ಹೋದ ಜನವರ್ಯಾಗ ಗೋಕಾಕದವರು ಮಾಡಿದ್ದು ಅರವತ್ತಮೂರು. ನಾವೆಷ್ಟ ಮಾಡಿದ್ವಿ?"

"ನಲವತ್ತೊಂದು."

"ಅದರಾಗ ನಿಂದೆಷ್ಟು, ಪರಪ್ಪಾ?"

"ನಂದು ಸೊನ್ನಿ. ಆದ್ರ ನಾ ಔಟಾಗಿರಲಿಲ್ಲ!"

"ಕಡೀಗ ಬಂದಾಂವ ನೀನು. ಆಡಾಕ ಬಾಜೂಕ ಯಾರೂ ಉಳದಿರಲಿಲ್ಲ."

ಎಲ್ಲರೂ ನಕ್ಕರು. ಮಾಲಿಂಗಪ್ಪ ನಗಲಿಲ್ಲ. "ಚೆಂಡ ಒಗಿಯಾವ್ರು ಎಷ್ಟ ಛಲೋ ಇದ್ರೇನು, ರನ್ ಮಾಡಾವ ಒಬ್ಬರ ಬೇಕೋ ಬ್ಯಾಡೋ? ಅದೂ ಅಲ್ದ, ಬೌಲರನ ಭುಜ ಎಷ್ಟ ದಿನ ಬರತೈತಿ? ಮೂರು ವರ್ಷ, ನಾಕು ವರ್ಷ. ಆಮ್ಯಾಲೆ ಯಾರೂ ಕೇಳಂಗಿಲ್ಲ. ಕೇಳೂ ಹೊತ್ತಿನ್ಯಾಗ ಕೊಡಬೇಕು. ಬ್ಯಾಟ್ ಹಿಡಿಯಾವ ನಲವತ್ತರತನಕ ಆಡತಾನ."

"ಅವ್ರೇನ ಎತ್ತೇನ್ರಿ, ಹಲ್ಲ ನೋಡಿ ಮಾತಾಡಾಕತ್ತೀರಿ? ಹದಿನೆಂಟು ಹತ್ತೊಂಬತ್ತರ ಹುಡುಗ್ರು. ಇನ್ನೆರಡ ವರ್ಷ ತಡೀರಿ, ಬೆಳಗಾವ್ಯಾಗೂ ಇಂಥಾವ್ರು ಸಿಗೂದಿಲ್ಲ."

"ಎರಡ ವರ್ಷ ತಡದ್ರ ಕರದಂಟ ತಿಂದ ನಿನ್ನ ಹಲ್ಲ ಬೀಳತಾವು."

ಕೈ ಎತ್ತಿ ಎಂದಾಗ ಐದು ಆ ಕಡೆ, ಐದು ಈ ಕಡೆ. ಉಳಿದವನು ಮುರಿಗೆಪ್ಪ. ಅವನು ಯಾವ ಕಡೆಗೂ ಕೈ ಎತ್ತಲಿಲ್ಲ. ಒಳಗೆ ಗಂಟು ಬಿಚ್ಚುವ ಸದ್ದು ನಿಂತಿತ್ತು. ಬಾಗೇವಾಡಿಯ ಹೊಲದಲ್ಲಿ ಅವನು ಕೊಟ್ಟ ಮಾತು ಅಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಅವನು ನನ್ನ ಮುಖ ನೋಡಿದ. ನಾನು ಏನನ್ನೂ ಹೇಳಲಿಲ್ಲ. ಹೇಳಬೇಕಿತ್ತು.

"ಶನಿವಾರ ಅಗಸಿ ಹಣಮಪ್ಪಗ ಪ್ರಸಾದ ಕೇಳೂನು," ಎಂದ ಕಡೆಗೆ. ಎಲ್ಲರಿಗೂ ಸಮಾಧಾನವಾಯಿತು.

ನಮ್ಮ ಕಡೆ ಮದುವೆಗೆ, ಬಾವಿ ತೋಡುವುದಕ್ಕೆ, ದನ ಕೊಳ್ಳುವುದಕ್ಕೆ ಮನಸ್ಸು ಎರಡಾದಾಗ ದೇವರಿಗೆ ಪ್ರಸಾದ ಕೇಳುತ್ತಾರೆ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಕೇಳುವವನು ಕೈಮುಗಿದು ಮಾತು ಕೇಳುತ್ತಾನೆ. ಬಲದ ಹೂ ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ.

ಶನಿವಾರ ಮುಂಜಾನೆ ಇಡೀ ಮಂಡಳಿ ಸ್ನಾನ ಮಾಡಿ ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ, ಹಣಮಪ್ಪನ ಗುಡಿಗೆ ಹೋಯಿತು. ಹುಡುಗರಿಬ್ಬರೂ ಬಂದಿದ್ದರು. ಕೇರಿಯವರಿಗೆ ಒಳಗೆ ಬಿಡುವುದಿಲ್ಲವಾದ್ದರಿಂದ ಮೆಟ್ಟಿಲಿನಿಂದ ಹತ್ತು ಮಾರು ಆಚೆ, ಎತ್ತು ಕಟ್ಟುವ ಕಲ್ಲಿನ ಬಳಿ ನಿಂತರು. ಅಲ್ಲಿಂದ ಮೂರ್ತಿಯೂ ಕಾಣುವುದಿಲ್ಲ, ಮಾತೂ ಕೇಳುವುದಿಲ್ಲ.

ಪೂಜಾರಿ ಹೂ ಅಂಟಿಸಿ ಹಿಂದಕ್ಕೆ ಸರಿದ. "ಒಂದ ಮಾತ ಕೇಳ್ರಿ. ಯಾರ ಸಲುವಾಗಿ ಕೇಳತೀರಿ ಅನ್ನೂದನ್ನ ಬಿಚ್ಚಿ ಹೇಳ್ರಿ. ನೀವು ಯಾರ ಹೆಸರ ಹೇಳತೀರಿ, ಅವರ ಮಾತಿಗೆ ಅಷ್ಟ ಅಂವ ಉತ್ತರಾ ಕೊಡತಾನ."

ಮುರಿಗೆಪ್ಪ ಕೈಮುಗಿದ. ಅವನ ತುಟಿ ಎರಡು ಸಲ ತೆರೆದು ಮುಚ್ಚಿತು. "ಹಣಮಪ್ಪಾ, ಈ ಇಬ್ಬರನ್ನ ಕೊಟ್ಟ ಅಣ್ಣಾಸಾಹೇಬನ್ನ ತಂದ್ರ ನಮ್ಮ ಮಂಡಳಿಗೆ ಛಲೋ ಆಗತೈತೇನಪ್ಪಾ?"

ಅವನ ಉಸಿರು ಮುಗಿಯುವುದರೊಳಗೆ ಬಲದ ಹೂ ಬಿತ್ತು. ಪೂಜಾರಿಯೇ ಬೆರಗಾದ. "ಇಷ್ಟ ಲಗೂನ ನಾ ಕಂಡಿಲ್ರಿ," ಎಂದ. ಪರಪ್ಪನೂ ಕೆನ್ನೆ ಬಡಿದುಕೊಂಡ.

ಹೊರಗೆ ಬಂದಾಗ ಗುಡ್ಡಪ್ಪ ಕೇಳಿದ, "ಯಾವ ಕಡೆ ಬಿತ್ತರಿ?"

"ಬಲಕ್ಕ," ಎಂದ ಮುರಿಗೆಪ್ಪ.

"ಹಂಗಾರ ಹೋಗೂದ," ಎಂದು ಗುಡ್ಡಪ್ಪ ಶಿದ್ರಾಮನ ಬೆನ್ನ ಮೇಲೆ ಕೈಯಿಟ್ಟ. ಅರಮನೆಯ ಮಂಡಳಿಯಲ್ಲಿ ದೊಡ್ಡ ದೊಡ್ಡ ಊರಿನವರ ಮೇಲೆ ಆಡುತ್ತೇವೆ ಎಂದು ಅವರು ತಿಳಿದಿದ್ದರು. ನಾವೂ ಹಾಗೆಯೇ ತಿಳಿದಿದ್ದೆವು.

ಕಾಡವ್ವನಿಗೆ ಹೇಳಲು ಮುರಿಗೆಪ್ಪ ನನ್ನನ್ನೂ ಕರೆದುಕೊಂಡು ಹೋದ. ಅವಳು ಗುಡಿಸಿಲ ಮುಂದೆ ಜೋಳ ಕೇರುತ್ತಿದ್ದಳು. ಮಾತು ಕೇಳಿ ಮೊರ ಕೆಳಗಿಟ್ಟಳು.

"ಮತ್ತೊಬ್ಬರ ಕೈಯಾಗ ಕೊಡಂಗಿಲ್ಲ ಅಂದಿದ್ರಿ."

"ನಾ ಕೊಡಾಕತ್ತಿಲ್ಲ ಕಾಡವ್ವಾ. ಹಣಮಪ್ಪಗ ಪ್ರಸಾದ ಕೇಳಿದ್ವಿ. ಬಲಕ್ಕ ಕೊಟ್ಟ."

ಅವಳು ಹುಕ್ಕೇರಿಯ ದಿಕ್ಕಿಗೆ ತಿರುಗಿ ಕೈಮುಗಿದಳು. ಆಮೇಲೆ ಕೇಳಿದಳು, "ಏನಂತ ಕೇಳಿದ್ರಿ?"

ಪ್ರಸಾದ ಕೇಳುವ ಮನೆತನದಲ್ಲಿ ಹುಟ್ಟಿದ ಯಾರಾದರೂ ಕೇಳುವ ಮಾತು ಅದು. ಮುರಿಗೆಪ್ಪ ಅದಕ್ಕೆ ತಯಾರಾಗಿರಲಿಲ್ಲ.

"ಹುಡುಗ್ರಿಗೆ ಛಲೋ ಆಗತೈತೇನಂತ ಕೇಳಿದೆ," ಎಂದ.

"ನನ್ನ ಹುಡುಗ್ರಿಗೆ?"

"ಹೂಂ. ನಿನ್ನ ಹುಡುಗ್ರಿಗೆ."

ಅವಳ ಮುಖ ಹಗುರಾಯಿತು. ಒಳಗೆ ಹೋಗಿ ಎರಡು ಕಂಬಳಿ ತಂದು ಕೊಟ್ಟಳು. ಅಂದು ಸಂಜೆ ಸಂಸ್ಥಾನಕ್ಕೆ ಒಪ್ಪಿಗೆಯ ಪತ್ರವನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ.

ಅಣ್ಣಾಸಾಹೇಬ ಬಂದ. ತಲೆ ಬೋಳಾದರೂ ಕಣ್ಣು ಚುರುಕು. ಚೆಂಡನ್ನು ಬಯಲಿನಾಚೆಯ ಹುಣಸೆಮರಕ್ಕೆ ಕಳಿಸುತ್ತಿದ್ದ. ಡಿಸೆಂಬರದ ಕೊನೆಗೆ ಗುಡ್ಡಪ್ಪನಿಂದ ಒಂದು ಕಾರ್ಡು ಬಂತು. ಯಾರ ಕೈಯಿಂದಲೋ ಬರೆಸಿದ್ದು. ಮುರಿಗೆಪ್ಪ ನನ್ನ ಕೈಗೆ ಕೊಟ್ಟ. "ಸಾವಕಾರರಿಗೆ ಶರಣು. ಇಲ್ಲಿ ನಮ್ಮನ್ನು ಆಟದಲ್ಲಿ ಕೂಡಿಸುವುದಿಲ್ಲ. ಯುವರಾಜರ ತಾಲೀಮಿಗೆ ಮುಂಜಾನೆಯಿಂದ ಸಂಜೆತನಕ ಚೆಂಡು ಹಾಕುವುದು ಅಷ್ಟೇ. ಮನೆಗೆ ಹೋಗಲು ಬಿಡುವುದಿಲ್ಲ. ಶಿದ್ರಾಮನ ಭುಜ ಬಾತಿದೆ. ನಮ್ಮನ್ನು ತಿರುಗಿ ಕರೆಸಿಕೊಳ್ಳಬೇಕು."

"ಬರಿಯೂನೇನು?" ಎಂದೆ.

ಅವರನ್ನು ಕರೆಸಿದರೆ ಅಣ್ಣಾಸಾಹೇಬ ಮರಳಬೇಕು. ಗೋಕಾಕದ ಪಂದ್ಯಕ್ಕೆ ಮೂರು ವಾರವಿತ್ತು.

"ಫೈನಲ್ ಒಂದ ಆಗಲಿ ಮಾಸ್ತರ. ಆದ ಮರುದಿನಾನ ಬರಿಯೂನು."

ಫೈನಲ್ಲಿನಲ್ಲಿ ಅಣ್ಣಾಸಾಹೇಬ ಎಂಬತ್ತೆಂಟು ಹೊಡೆದ. ಶೀಲ್ಡು ಹುಕ್ಕೇರಿಗೆ ಬಂತು. ಹಲಗೆ, ಕರಡಿ ಮಜಲಿನ ವಾದ್ಯ, ಗುಲಾಲು. ಮುರಿಗೆಪ್ಪನನ್ನು ಹೆಗಲ ಮೇಲೆ ಕೂಡಿಸಿ ಪೇಟೆಯೆಲ್ಲ ತಿರುಗಿಸಿದರು. ಮಂಡಳಿಗೆ ಛಲೋ ಆಗಿತ್ತು. ಮರುದಿನ ನಾನು ಕಾಗದ, ಮಸಿ ತೆಗೆದುಕೊಂಡು ಅಂಗಡಿಗೆ ಹೋದೆ. ಅವನು ನನ್ನ ಕೈಯಲ್ಲಿದ್ದುದನ್ನು ನೋಡಿ, "ಒಂದ ವರ್ಷಾರ ಇಟ್ಕೊಳ್ಳೂನು ಮಾಸ್ತರ. ಗೆದ್ದ ವರ್ಷಾನ ಬಿಟ್ಟಕೊಟ್ರ ಜನ ಏನಂತಾರ?" ಎಂದ. ನಾನು ಕಾಗದ ಮಡಿಸಿಕೊಂಡು ಮರಳಿದೆ. ಮುಂದಿನ ವರ್ಷವೂ ಶೀಲ್ಡು ನಮ್ಮದೇ ಆಯಿತು.

ಈ ನಡುವೆ ಕಾಡವ್ವ ಪ್ರತಿ ಶನಿವಾರ ಬಾಗೇವಾಡಿಯಿಂದ ನಡೆದುಬಂದು ಅಗಸಿಯ ಗುಡಿಯ ಹೊರಗೆ ಅದೇ ಕಲ್ಲಿನ ಬಳಿ ಕಾಯಿ ಇಡುತ್ತಿದ್ದಳು. ಪೂಜಾರಿ ಹೊರಗೆ ಬಂದು ಒಡೆದು ಕೊಡುತ್ತಿದ್ದ. ಹೋಗುವಾಗ ಅಂಗಡಿಯ ಮುಂದೆ ನಿಂತು, "ಏನರ ಸುದ್ದಿ ಐತೇನ್ರಿ?" ಎನ್ನುತ್ತಿದ್ದಳು. "ಆರಾಮ ಅದಾರ," ಎಂದು ಮುರಿಗೆಪ್ಪ ಒಳಗಿನಿಂದಲೇ ಹೇಳುತ್ತಿದ್ದ. ಬರಬರುತ್ತ ಶನಿವಾರ ಅವನು ಅಂಗಡಿಯಲ್ಲಿ ಕೂಡುವುದನ್ನೇ ಬಿಟ್ಟ.

೧೯೪೧ರ ಮಳೆಗಾಲದಲ್ಲಿ ಅಣ್ಣಾಸಾಹೇಬ ಜಮೀನು ಮಾರಿ ಪುಣೆಗೆ ಹೋಗಿಬಿಟ್ಟ. ಆಗ ಮುರಿಗೆಪ್ಪ ತಾನೇ ಸಾಲೆಗೆ ಬಂದು, "ಈಗ ಬರೀರಿ," ಎಂದ. ಬರೆದೆ. ಉತ್ತರ ಬರಲು ಮೂರು ತಿಂಗಳು ಹಿಡಿಯಿತು. ಅರ್ಧ ಪುಟದ ಕಾಗದ. ಶಿದ್ರಾಮ ಎಂಬ ಆಳನ್ನು ಬ್ರಿಟಿಷರ ಲಡಾಯಿಯ ಕೆಲಸಕ್ಕೆ ಸಂಸ್ಥಾನ ಕೊಡಬೇಕಾದ ಪಾಲಿನ ಜನರ ಜೊತೆ ಕಳಿಸಲಾಗಿತ್ತು. ಅವನು ಇರಾಕಿನ ಬಸ್ರಾದಲ್ಲಿ ಜ್ವರದಿಂದ ತೀರಿಕೊಂಡ. ಗುಡ್ಡಪ್ಪ ಎಂಬ ಆಳು ಕೆಲಸಕ್ಕೆ ಬಾರದವನಾದ್ದರಿಂದ ಅವನನ್ನು ಬಿಡಲಾಗಿದೆ. ಇದನ್ನು ಕಾಡವ್ವನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಗುಡ್ಡಪ್ಪ ೪೨ರ ಫೆಬ್ರುವರಿಯಲ್ಲಿ ಬಂದ. ಸಾಲೆ ಬಿಡುವ ಹೊತ್ತು. ಅಂಗಡಿಯ ಎದುರು ನಿಂತಿದ್ದವನನ್ನು ನಾನು ಗುರುತಿಸಲಿಲ್ಲ. ಬಲಗೈ ಭುಜದಿಂದ ಜೋತಿತ್ತು. ಇಪ್ಪತ್ತೆರಡರ ಹುಡುಗನ ಕೆನ್ನೆಗಳು ಒಳಗೆ ಹೋಗಿದ್ದವು. ಮುರಿಗೆಪ್ಪ ಕಟ್ಟೆಯಿಂದ ಇಳಿದು ಬಂದು ಅವನ ಎದುರು ನಿಂತ.

"ಕೈ ಎತ್ತು," ಎಂದ.

ಗುಡ್ಡಪ್ಪ ಎತ್ತಿದ. ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಏಳ ತಾಸು, ಎಂಟ ತಾಸು ಹಾಕಸ್ತಿದ್ರು," ಎಂದ ಗುಡ್ಡಪ್ಪ, ಯಾರದೋ ಸಂಗತಿ ಹೇಳಿದಂತೆ. "ಯುವರಾಜರು ಬ್ಯಾಸತ್ತ್ರ ಅವರ ಮಾವ. ಮಾವ ಬ್ಯಾಸತ್ತ್ರ ಅರಮನಿಗೆ ಬಂದ ಪಾವಣೇರು. ನಾವ ಬ್ಯಾಸರಾಗೂದು ಅಂತ ಇರಲಿಲ್ಲ. ಶಿದ್ರಾಮ ಒಂದಿನ ಒಗ್ಯಾಂಗಿಲ್ಲ ಅಂದ. ಮುಂದಿನ ವಾರ ಅವನ ಹೆಸರ ಲಡಾಯಿ ಯಾದ್ಯಾಗ ಬಂತು." ಆಮೇಲೆ ಕೇಳಿದ, "ನನ್ನ ಕಾರ್ಡ ಮುಟ್ಟಿತ್ತೇನ್ರಿ ಸಾವ್ಕಾರ್ರ?"

"ಮುಟ್ಟಿತ್ತು," ಎಂದ ಮುರಿಗೆಪ್ಪ.

ಗುಡ್ಡಪ್ಪ ನೆಲದ ಮೇಲಿದ್ದ ಕಂಬಳಿಯನ್ನು ಎಡಗೈಯಿಂದ ಎತ್ತಿಕೊಂಡ.

ಗಾಡಿ ಕಟ್ಟಿಸಿ ನಾವು ಮೂವರೂ ಬಾಗೇವಾಡಿಗೆ ಹೋದೆವು. ಕಾಡವ್ವ ಮಗನನ್ನು ಕಂಡು ಓಡಿಬಂದಳು. ಅವನ ಭುಜ ಮುಟ್ಟಿ ನೋಡಿ, ಗಾಡಿಯೊಳಗೆ ಇಣುಕಿದಳು. "ಶಿದ್ರಾಮ ಎಲ್ಲಿ?" ಯಾರೂ ಮಾತಾಡದಿದ್ದಾಗ ಅವಳಿಗೆ ತಿಳಿಯಿತು. ಕೇರಿಯ ಹೆಂಗಸರು ಕೂಡಿದರು. ಅಳು ಎದ್ದಿತು. ಕಾಡವ್ವ ಮಾತ್ರ ನೆಲದ ಮೇಲೆ ಕುಳಿತು ಹುಕ್ಕೇರಿಯ ಕಡೆ ನೋಡುತ್ತಿದ್ದಳು.

"ಸುಳ್ಳ ಹೇಳಿದ್ಯಲ್ಲೋ ಹಣಮಪ್ಪಾ," ಎಂದಳು. "ಎರಡು ವರ್ಷ ಶನಿವಾರ ತಪ್ಪಸ್ಲಿಲ್ಲ ನಾನು. ನನ್ನ ಹುಡುಗ್ರಿಗೆ ಛಲೋ ಆಗತೈತಿ ಅಂತ ಬಲಕ್ಕ ಕೊಟ್ಟ ಮೋಸ ಮಾಡಿದ್ಯಲ್ಲೋ. ನಿನ್ನ ಬಾಯಾಗ ಮಣ್ಣ ಬೀಳಲಿ."

ಮುರಿಗೆಪ್ಪ ಸುಮ್ಮನಿದ್ದರೆ ಆಗುತ್ತಿತ್ತು. ಅವಳು ಜೀವ ಇರುವತನಕ ದೇವರನ್ನೇ ಬಯ್ಯುತ್ತಿದ್ದಳು. ನಾನಂತೂ ಯಾರಿಗೂ ಹೇಳುತ್ತಿರಲಿಲ್ಲ.

"ದೇವರು ಸುಳ್ಳ ಹೇಳಿಲ್ಲ ಕಾಡವ್ವಾ," ಎಂದ. "ನಿನಗ ಸುಳ್ಳ ಹೇಳಿದಾಂವ ನಾನು. ಹುಡುಗ್ರ ಸಲುವಾಗಿ ನಾ ಕೇಳಲೇ ಇಲ್ಲ. ಮಂಡಳಿಗೆ ಛಲೋ ಆಗತೈತೇನು ಅಂತ ಕೇಳಿದ್ದೆ. ಮಂಡಳಿಗೆ ಆತು."

ಅಳು ನಿಂತಿತು. ಗುಡ್ಡಪ್ಪ ಗಾಡಿಯ ಗಾಲಿಗೆ ಒರಗಿ ನಿಂತಿದ್ದವನು ತಲೆ ಎತ್ತಿದ. ಕಾಡವ್ವ ಕೇಳಿದಳು, "ಗುಡ್ಯಾಗ ಅಷ್ಟ ಮಂದಿ ಇದ್ರಿ. ಒಬ್ಬರೂ ಕೇಳಲಿಲ್ಲೇನು ಇವರ ಸಲುವಾಗಿ?"

"ಇಲ್ಲ."

ಅವಳು ನನ್ನ ಕಡೆ ತಿರುಗಿದಳು. "ಮಾಸ್ತರ, ನೀವೂ ಇದ್ರಿ."

"ಇದ್ದೆ," ಎಂದೆ.

"ಇವರು ನನ್ನ ಮುಂದ ಸುಳ್ಳ ಹೇಳುವಾಗೂ ಇದ್ರಿ."



ಅವಳು ಎದ್ದು ಸೀರೆಯ ಮಣ್ಣು ಝಾಡಿಸಿಕೊಂಡಳು. "ಹೋಗ್ರಿ. ಇಬ್ಬರೂ ಹೋಗ್ರಿ. ಇನ್ನ ಈ ಕಡೆ ಬರಬ್ಯಾಡ್ರಿ." ಮಗನ ನೆಟ್ಟಗಿದ್ದ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮುರಿಗೆಪ್ಪ ಮರುವಾರವೇ ಮತ್ತೆ ಹೋದ. ಬಾಗಿಲು ತೆರೆಯಲಿಲ್ಲ. ಗುಡ್ಡಪ್ಪನನ್ನು ಹೊಲದಲ್ಲಿ ಕಂಡು, ಅಂಗಡಿಗೆ ಬಾ, ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂಡು, ಇನ್ನು ಗಂಟು ಹೊರುವುದು ಬೇಡ ಎಂದ. ಅಣ್ಣನಿಗೆ ಇದು ಗೊತ್ತಾಗಿ ಮನೆಯಲ್ಲಿ ದೊಡ್ಡ ಜಗಳವಾಯಿತು. ಕೇರಿಯವನು ಕಟ್ಟೆಯ ಮೇಲೆ ಕುಳಿತರೆ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ ಎಂದು ಅಣ್ಣ. ಹಾಗಾದರೆ ನಾನೂ ಇಲ್ಲಿ ಕೂಡುವುದಿಲ್ಲ ಎಂದು ಇವನು. ತಾಯಿ ಇಬ್ಬರ ಕಾಲು ಹಿಡಿದಳು. ಮನೆ ಪಾಲಾಯಿತು. ಪಾಲಾದ ಮೇಲೆ ಗುಡ್ಡಪ್ಪನನ್ನು ಕರೆಯಲು ಹೋದಾಗ ಅವನು ಹೇಳಿದ್ದನ್ನು ಮುರಿಗೆಪ್ಪನೇ ನನಗೆ ಹೇಳಿದ:

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಸಾವ್ಕಾರ್ರ. ನಿಮ್ಮ ಕೂಡ ಬರಾಕ ಮಾತ್ರ ಮನಸಿಲ್ಲ."

ಅದಕ್ಕಿಂತ ಬಯ್ದಿದ್ದರೆ ಚೆನ್ನಾಗಿತ್ತು ಎಂದ ಮುರಿಗೆಪ್ಪ. ಶೀಲ್ಡು ಅಣ್ಣಾಸಾಹೇಬ ಹೋದ ಮೇಲಿನ ಪಂದ್ಯದಲ್ಲೇ ಗೋಕಾಕಕ್ಕೆ ಮರಳಿತ್ತು. ಅದರ ಮುಂದಿನ ವರ್ಷ ಮಂಡಳಿಯೇ ಉಳಿಯಲಿಲ್ಲ. ಪರಪ್ಪ ಒಂದು ಸಲ ಹೊಸ ಹುಡುಗರನ್ನು ಕೂಡಿಸಿಕೊಂಡು ಕಲಿಸು ಎಂದು ಮುರಿಗೆಪ್ಪನನ್ನು ಕೇಳಲು ಹೋದ. "ನನ್ನ ಕೈಯಾಗ ಯಾರ ಮಕ್ಕಳನ್ನೂ ಕೊಡಬ್ಯಾಡೋ ಪರಪ್ಪಾ," ಎಂದು ಅವನನ್ನು ಕಳಿಸಿಬಿಟ್ಟನಂತೆ.

ಗುಡ್ಡಪ್ಪ ಎಡಗೈಯಿಂದ ಕುಡುಗೋಲು ಹಿಡಿಯುವುದನ್ನು ಕಲಿತು ಕೂಲಿಗೆ ಹೋಗುತ್ತಾನೆ. ಕಾಡವ್ವ ಶನಿವಾರ ಹುಕ್ಕೇರಿಗೆ ಬರುವುದನ್ನು ಬಿಟ್ಟಿದ್ದಾಳೆ. ಆ ಪತ್ರಗಳನ್ನು ಬರೆದವನು ನಾನು. ಅದಕ್ಕಾಗಿ ಇಷ್ಟನ್ನು ಬರೆದಿಡುವುದು ನನ್ನ ಕೆಲಸವೆಂದು ತೋರಿತು.

ಮುರಿಗೆಪ್ಪ ತನ್ನ ಪಾಲನ್ನು ಅಣ್ಣನಿಗೇ ಬಿಟ್ಟು ಈಗ ಮೂಡಲಗಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಾನೆ. ಸುತ್ತಲ ಊರುಗಳ ವಾರದ ಸಂತೆಗಳಿಗೆ ಅರಿವೆಯ ಗಂಟು ಹೊತ್ತು ನಡೆದುಹೋಗಿ, ನೆಲದ ಮೇಲೆ ಹಾಸಿ ಮಾರುತ್ತಾನೆ.